ಸೀಟಿ ಅಕ್ಕನ ಸದ್ದಿಲ್ಲದ ಒಂದು ಗಂಟೆ

ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಸೀಟಿ ಅಕ್ಕ ಇದ್ದಾಳೋ ಇಲ್ಲವೋ ಎಂದು ಯಾರೂ ಒಳಗೆ ಹೋಗಿ ನೋಡಬೇಕಾಗಿರಲಿಲ್ಲ. ರಸ್ತೆಯ ತಿರುವಿನಲ್ಲಿ ನಿಂತರೆ ಸಾಕು, ತಾನಾಗಿ ಗೊತ್ತಾಗುತ್ತಿತ್ತು. "ಏಯ್, ಓಡ್ಬೇಡ್ವೋ! ನೆಲ ಒದ್ದೆ ಇದೆ, ಹಲ್ಲು ಮುರ್ಕೊಂಡ್ರೆ ನಾನೇನು ಹುಡುಕಿ ಕೊಡಲ್ಲ!" ಎಂದು ಒಂದು ಕೂಗು. ಅದರ ಬೆನ್ನಿಗೇ ಕಿವಿ ತೂತಾಗುವಂಥ ಒಂದು ಸೀಟಿ. ಮೇಲೆ ತಗಡಿನ ಸೂರು, ಸುತ್ತ ಗೋಡೆ, ನಡುವೆ ನೀರು; ಒಂದು ಸಲ ಊದಿದರೆ ಅದು ಆ ಗೋಡೆಗೆ ಈ ಗೋಡೆಗೆ ಬಡಿದುಕೊಂಡು ನಾಲ್ಕು ಸಲ ಕೇಳುತ್ತಿತ್ತು. ಪಕ್ಕದ ಗ್ರಂಥಾಲಯದವರು ಎರಡು ಸಲ ದೂರು ಕೊಟ್ಟು, ಮೂರನೇ ಸಲಕ್ಕೆ ಕಿಟಕಿ ಮುಚ್ಚಿಕೊಂಡು ಸುಮ್ಮನಾಗಿದ್ದರು.

ಐವತ್ತೊಂದು ವರ್ಷದ ಹೆಂಗಸು. ಇಪ್ಪತ್ಮೂರನೇ ವಯಸ್ಸಿಗೆ ಇಲ್ಲಿ ಕಸ ಗುಡಿಸಲು ಬಂದವಳು. ಆಗ ಅವಳಿಗೆ ಈಜು ಬರುತ್ತಿರಲಿಲ್ಲ, ಮೊಣಕಾಲಿಗಿಂತ ಮೇಲೆ ನೀರು ಬಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಅಂದಿನ ಮುದಿ ತರಬೇತುದಾರರು ಒಂದು ದಿನ, "ದಿನಾ ಕೊಳದ ಅಂಚಿನಲ್ಲಿ ಓಡಾಡ್ತೀಯ, ಜಾರಿ ಬಿದ್ರೆ ನಿನ್ನ ತೆಗೆಯೋರು ಯಾರು? ಕಲೀಬೇಕು ನೀನು" ಎಂದು ಗದರಿ ನೀರಿಗಿಳಿಸಿದರು. ಎಂಟು ತಿಂಗಳಲ್ಲಿ ಅವಳು ಅವರನ್ನೇ ಹಿಂದೆ ಹಾಕುವ ಹಾಗೆ ಈಜಿದಳು. ಆಮೇಲೆ ಪರೀಕ್ಷೆ ಕಟ್ಟಿ ಜೀವರಕ್ಷಕಿಯಾದಳು. ಇಷ್ಟು ವರ್ಷದಲ್ಲಿ ಹನ್ನೊಂದು ಜನರನ್ನು ನೀರಿನಿಂದ ಎಳೆದು ಹಾಕಿದ್ದಾಳೆ, ಒಬ್ಬರನ್ನೂ ಕಳೆದುಕೊಂಡಿಲ್ಲ. ಹನ್ನೊಂದು ಜನಕ್ಕೂ ಮೊದಲು ಉಸಿರು ಕೊಟ್ಟು, ಆಮೇಲೆ ಚೆನ್ನಾಗಿ ಬೈದಿದ್ದಾಳೆ.

ಕುತ್ತಿಗೆಯ ಉಕ್ಕಿನ ಸೀಟಿ ಆ ತರಬೇತುದಾರರು ನಿವೃತ್ತಿಯ ದಿನ ಕೊಟ್ಟದ್ದು. ಅದನ್ನು ಅವಳು ತಪ್ಪು ಮಾಡಿದವರಿಗೂ ಊದುತ್ತಿದ್ದಳು, ಚೆನ್ನಾಗಿ ಮಾಡಿದವರಿಗೂ ಊದುತ್ತಿದ್ದಳು. ಯಾವುದು ಬೈಗುಳ ಯಾವುದು ಶಭಾಷ್ ಎಂಬುದು ಹಳೆಯ ವಿದ್ಯಾರ್ಥಿಗಳಿಗೆ ಮಾತ್ರ ತಿಳಿಯುತ್ತಿತ್ತು.

ಇಂಥವಳ ಹತ್ತಿರ ಒಂದು ಮಧ್ಯಾಹ್ನ ಮೂವರು ಬಂದರು. ಒಬ್ಬರು ವಿದ್ಯಾರ್ಥಿಗಳ ಆಪ್ತಸಮಾಲೋಚಕಿ, ಅವಳಿಗೆ ಮುಖಪರಿಚಯವಿದ್ದ ಮೇಡಂ. ಇನ್ನೊಬ್ಬ ಖಾಕಿ ಅಂಗಿಯ ಬಸ್ ಕಂಡಕ್ಟರ್, ದೂರದ ಊರಿನಿಂದ ರಜೆ ಹಾಕಿ ಬಂದವನು. ಮೂರನೆಯವಳು ಅವನ ಮಗಳು, ಹತ್ತೊಂಬತ್ತು ವರ್ಷ, ಭೂವಿಜ್ಞಾನದ ಮೊದಲ ವರ್ಷ. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು. ಅವಳು ಯಾರ ಮುಖವನ್ನೂ ನೋಡದೆ ಒಂದು ಕಾರ್ಡನ್ನು ಮುಂದೆ ಚಾಚಿದಳು. ಅದರಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಹೀಗಿತ್ತು: "ನನಗೆ ಆಟಿಸಂ ಇದೆ. ನಿಮ್ಮ ಕಣ್ಣು ನೋಡದಿದ್ದರೆ ಅದು ಅಸಡ್ಡೆ ಅಲ್ಲ. ಇದ್ದಕ್ಕಿದ್ದಂತೆ ಆಗುವ ಸದ್ದು ನನಗೆ ನೋವು ಕೊಡುತ್ತದೆ. ಮೊದಲೇ ಹೇಳಿದರೆ ಎಷ್ಟೋ ವಿಷಯ ತಡೆದುಕೊಳ್ಳಬಲ್ಲೆ."

ಸೀಟಿ ಅಕ್ಕ ಎರಡು ಸಲ ಓದಿದಳು. "ಸದ್ದು ಅಂದ್ರೆ ಎಷ್ಟು ಸದ್ದು?" ಎಂದು ಕೇಳಿದಳು. ಅವಳು ಪಿಸುಗುಟ್ಟಿದ್ದೇನೆ ಎಂದುಕೊಂಡಿದ್ದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

ವಿಷಯ ಇಷ್ಟು. ಹುಡುಗಿಗೆ ಕಲ್ಲು ಎಂದರೆ ಪ್ರಾಣ. ಪ್ರಯೋಗಾಲಯದಲ್ಲಿ ಕೂತರೆ ಊಟದ ನೆನಪೂ ಇರುವುದಿಲ್ಲ. ಆದರೆ ಹಾಸ್ಟೆಲಿನ ಗದ್ದಲ, ದಿನಕ್ಕೊಂದು ಕೋಣೆಗೆ ಬದಲಾಗುವ ತರಗತಿ, ಕ್ಯಾಂಟೀನಿನ ತಟ್ಟೆಗಳ ಸಪ್ಪಳ, ಇವೆಲ್ಲ ಸೇರಿ ಅವಳ ತಲೆ ತುಂಬಿಹೋಗಿ, ಮೂರು ವಾರದಿಂದ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ದಿನಾ ಒಂದೇ ಹೊತ್ತಿಗೆ ಮೈಗೆ ವ್ಯಾಯಾಮ ಸಿಕ್ಕರೆ ಮನಸ್ಸೂ ಹದಕ್ಕೆ ಬರಬಹುದು ಎಂದು ಮೇಡಂ ಹೇಳಿದ್ದರು. ಜಿಮ್ಮಿಗೆ ಹೋದರೆ ಅಲ್ಲಿ ಎದೆ ನಡುಗಿಸುವ ಹಾಡು. ಗುಂಪು ವ್ಯಾಯಾಮಕ್ಕೆ ಹೋದರೆ ಅಲ್ಲಿನ ಮೇಷ್ಟ್ರು ಪ್ರೀತಿಯಿಂದ ಬೆನ್ನಿಗೆ ಗುದ್ದುವವರು. ಉಳಿದದ್ದು ನೀರು. ಬೆಳಿಗ್ಗೆ ಆರರಿಂದ ಏಳರವರೆಗೆ, ಚಳಿಗೆ ಹೆದರಿ ಯಾರೂ ಬರದ ಹೊತ್ತು.

"ಇನ್ನು ಎಂಟು ವಾರಕ್ಕೆ ಮೊದಲನೇ ಪರೀಕ್ಷೆ ಅಕ್ಕಾ," ಎಂದ ಕಂಡಕ್ಟರ್. ಬಸ್ಸಿನಲ್ಲಿ ದಿನವಿಡೀ ಕೂಗುವ ಮನುಷ್ಯ, ಮಗಳ ಪಕ್ಕದಲ್ಲಿ ಉಸಿರಿನಷ್ಟೇ ಸಣ್ಣಗೆ ಮಾತಾಡುತ್ತಿದ್ದ. "ಅದಕ್ಕೆ ಕೂತ್ಲು ಅಂದ್ರೆ ಇಲ್ಲೇ ಇರ್ಲಿ. ಆಗ್ಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ. ಒಬ್ಳೇ ಕೋಣೇಲಿ ಬಾಗಿಲು ಹಾಕ್ಕೊಂಡು ಒಣಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

"ನಾನು ಹೋಗಲ್ಲ," ಎಂದಳು ಹುಡುಗಿ, ನೆಲ ನೋಡುತ್ತ.

ಸೀಟಿ ಅಕ್ಕನಿಗೆ ಆ ಮಾತು ಎದೆಗೇ ತಾಗಿತು. "ನಾಳೆಯಿಂದ್ಲೇ ಬಾ ತಾಯಿ. ಆರರಿಂದ ಏಳು ನನ್ನ ಬಾಯಿಗೆ ಬೀಗ," ಎಂದುಬಿಟ್ಟಳು. ಬಾಯಿಗೆ ಬೀಗ ಹಾಕುವುದು ಎಂಥ ಕೆಲಸ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮರುದಿನ. ಹುಡುಗಿ ಸರಿಯಾಗಿ ಆರು ಗಂಟೆ ಐದು ನಿಮಿಷಕ್ಕೆ ಬಾಗಿಲಲ್ಲಿ ಕಾಣಿಸಿಕೊಂಡಳು. ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಹುಡುಗಿ ಆಳ ಕಡಿಮೆಯಿರುವ ಕಡೆಯಿಂದ ಇಳಿದು, ಸೊಂಟಮಟ್ಟದ ನೀರಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಳು. ಅಕ್ಕನಿಗೆ ಹೇಳಲು ಹದಿನೇಳು ವಿಷಯಗಳಿದ್ದವು. ಕಾಲು ಹೀಗಿಡು, ಗಲ್ಲ ಎತ್ತು, ನೀರು ಬೆಚ್ಚಗಿದೆಯಾ, ಊಟ ಮಾಡಿದ್ಯಾ, ನಿಮ್ಮಮ್ಮ ಎಲ್ಲಿ. ಹದಿನೇಳನ್ನೂ ನುಂಗಿಕೊಂಡು ಬಲೆ ಹಿಡಿದು ನೀರ ಮೇಲಿನ ಎಲೆ ತೆಗೆದಳು. ಎಲೆ ಮುಗಿದವು. ಇಲ್ಲದ ಎಲೆಗಳನ್ನೂ ತೆಗೆದಳು. ಏಳು ಗಂಟೆಗೆ ಹುಡುಗಿ ಹೋದದ್ದೇ ತಡ, ಪಂಪಿನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡು ಪಂಪಿಗೇ ಎಲ್ಲವನ್ನೂ ಹೇಳಿ ಹಗುರಾದಳು.

ಮನೆಯಲ್ಲಿ ಅವಳ ಗಂಡ ದರ್ಜಿ. ಎರಡು ಹೊಲಿಗೆ ಯಂತ್ರದ ಸಣ್ಣ ಅಂಗಡಿ, ಮನೆಯ ಮುಂಭಾಗದಲ್ಲೇ. ಮಾತು ಕಡಿಮೆ, ಆಡಿದರೆ ಸೂಜಿ ಚುಚ್ಚಿದ ಹಾಗೆ. "ಒಂದು ಗಂಟೆ ಸುಮ್ನಿದ್ಯಾ? ನೀನಾ?" ಎಂದು ಕತ್ತರಿ ಕೆಳಗಿಟ್ಟ. "ಆ ಹುಡುಗೀನ ಒಂದ್ಸಲ ಮನೆಗೂ ಕರ್ಕೊಂಡು ಬಾರೇ."

"ಬಾಯ್ಮುಚ್ಕೊಂಡು ಗುಂಡಿ ಹಾಕ್ರೀ," ಎಂದಳು ಅಕ್ಕ.

ಆದರೆ ನೋಡಿ, ಸುಮ್ಮನಿದ್ದರೆ ಕಣ್ಣು ಚುರುಕಾಗುತ್ತದೆ. ಕಿರುಚಾಡಿಕೊಂಡು ಇಷ್ಟು ವರ್ಷದಲ್ಲಿ ನೋಡದೇ ಇದ್ದದ್ದನ್ನೆಲ್ಲ ಅಕ್ಕ ಆ ಗಂಟೆಯಲ್ಲಿ ನೋಡತೊಡಗಿದಳು. ನಾಲ್ಕನೇ ದೀಪ ಸಣ್ಣಗೆ ಗುಂಯ್ಗುಡುತ್ತದೆ, ಹುಡುಗಿ ಅದರ ಕೆಳಗೆ ಹೋಗುವುದೇ ಇಲ್ಲ. ಅಕ್ಕ ಆ ದೀಪ ಬದಲಾಯಿಸಿದಳು. ತನ್ನ ರಬ್ಬರ್ ಚಪ್ಪಲಿ ಚಟ್‌ಚಟ್ ಎಂದಾಗ ಹುಡುಗಿಯ ಭುಜ ಮೇಲೇರುತ್ತದೆ. ಅಕ್ಕ ಬರಿಗಾಲಲ್ಲಿ ನಡೆದಳು. ಫಿಲ್ಟರು ತೊಳೆಯುವ ದಿನ ಪೈಪು ಗೊರಗುಟ್ಟುವುದನ್ನು ಹಿಂದಿನ ದಿನವೇ ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು: "ನಾಳೆ ಆರೂಕಾಲಕ್ಕೆ ಪೈಪು ಗೊರಕೆ ಹೊಡೆಯುತ್ತದೆ. ಎರಡು ನಿಮಿಷ. ಹಾವಲ್ಲ, ಚೇಳಲ್ಲ." ಹುಡುಗಿ ಆ ಚೀಟಿಯನ್ನು ಕಿತ್ತು, ಮಡಚಿ, ಚೀಲದಲ್ಲಿ ಹಾಕಿಕೊಂಡಳು. ಪೈಪು ಗೊರಗುಟ್ಟುವಾಗ ಗಡಿಯಾರ ನೋಡುತ್ತ ನಿಂತು, ಮುಗಿದ ಮೇಲೆ, "ಎರಡು ನಿಮಿಷ ಹತ್ತು ಸೆಕೆಂಡು," ಎಂದಳು. ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅಕ್ಕ ಆ ದಿನವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳಿಕೊಂಡು ತಿರುಗಿದಳು.

ಮೂರನೇ ವಾರಕ್ಕೆ ಹುಡುಗಿಯೇ ಒಂದು ನಿಯಮ ಮಾಡಿದಳು: ಆರು ಐವತ್ತರಿಂದ ಐವತ್ತೈದರವರೆಗೆ ಮಾತಾಡಬಹುದು. ಆ ಐದು ನಿಮಿಷಕ್ಕಾಗಿ ಅಕ್ಕ ಹಿಂದಿನ ರಾತ್ರಿಯಿಂದಲೇ ಮಾತುಗಳನ್ನು ಆರಿಸಿ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಕೇಳಿದಳು, "ನೀರಲ್ಲಿ ನಿನಗೇನನ್ಸುತ್ತೆ?"

ಹುಡುಗಿ ನೀರಿನ ಕಡೆ ನೋಡುತ್ತಲೇ ಹೇಳಿದಳು. "ಎಲ್ಲಾ ಕಡೆಯಿಂದ ಒಂದೇ ಸಮ ಒತ್ತುತ್ತೆ. ಯಾರೋ ಅಪ್ಪಿಕೊಂಡ ಹಾಗೆ. ಆದ್ರೆ ಮನುಷ್ಯರು ಅಪ್ಪಿಕೊಂಡ್ರೆ ಯಾವಾಗ ಬಿಡ್ತಾರೆ ಅಂತ ಗೊತ್ತಾಗಲ್ಲ. ನೀರಾದ್ರೆ ನಾನು ಎದ್ದಾಗ ಬಿಡುತ್ತೆ." ಆಮೇಲೆ ಸೇರಿಸಿದಳು: "ಇಲ್ಲಿಂದ ಹೋದ ದಿನ ಮಧ್ಯಾಹ್ನದವರೆಗೂ ತರಗತೀಲಿ ಕೂತ್ಕೋತೀನಿ. ರಾತ್ರಿ ನಿದ್ದೆ ಬರುತ್ತೆ. ಬರೆದಿಟ್ಟಿದ್ದೀನಿ."

ಅಕ್ಕನಿಗೆ ಇನ್ನೂ ಕೇಳುವುದಿತ್ತು. ಆದರೆ ಐದು ನಿಮಿಷ ಮುಗಿದಿತ್ತು.

ಹುಡುಗಿಯ ಗುರಿ ಒಂದೇ. ಇಪ್ಪತ್ತೈದು ಮೀಟರಿನ ಉದ್ದವನ್ನು, ಅಂಚು ಮುಟ್ಟದೆ, ಹಗ್ಗ ಹಿಡಿಯದೆ, ಆಳದ ಕಡೆಯವರೆಗೆ ಈಜುವುದು. ಅಕ್ಕ ಕಾಲು ಹೇಗೆ ಬಡಿಯಬೇಕು ಎಂಬುದನ್ನು ಚಿತ್ರ ಬರೆದು ತೋರಿಸಿದಳು. ಚಿತ್ರದಲ್ಲಿ ಮನುಷ್ಯ ಕಪ್ಪೆಯ ಹಾಗಿದ್ದ. ಹುಡುಗಿ ಅದನ್ನು ತಿದ್ದಿ ಕೊಟ್ಟಳು. ಹತ್ತು ಮೀಟರಾಯಿತು, ಹದಿನಾಲ್ಕಾಯಿತು, ಹತ್ತೊಂಬತ್ತಾಯಿತು.

ಪರೀಕ್ಷೆಗೆ ಹದಿಮೂರು ದಿನವಿತ್ತು. ಮಂಗಳವಾರ. ಹುಡುಗಿ ಗೋಡೆಗೆ ಕಾಲೊತ್ತಿ ಹೊರಟಳು. ಹತ್ತೊಂಬತ್ತು ದಾಟಿದಳು. ಅಕ್ಕ ಬರಿಗಾಲಲ್ಲಿ ಅಂಚಿನುದ್ದಕ್ಕೂ ಅವಳ ಜೊತೆಗೇ ನಡೆದಳು, ಉಸಿರು ಬಿಗಿಹಿಡಿದು. ಇಪ್ಪತ್ತೊಂದು. ಇಪ್ಪತ್ಮೂರು. ಕೈ ಮುಂದೆ ಚಾಚಿತು, ಆಳದ ಕಡೆಯ ಗೋಡೆ ಮುಟ್ಟಿತು. ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳುವುದು! ಅಕ್ಕನ ಮೈಯಲ್ಲಿ ಅದು ಪಾದದಿಂದ ಹೊರಟು ಮೇಲೇರಿ ಬಂತು. ತಲೆಗೆ ಹೊಳೆಯುವ ಮೊದಲೇ ಇಷ್ಟು ವರ್ಷದ ಅಭ್ಯಾಸ ಕೈಯನ್ನು ಎತ್ತಿತು, ಸೀಟಿ ಬಾಯಿಗೆ ಬಂತು, ಅವಳು ಎದೆಯಲ್ಲಿದ್ದ ಗಾಳಿಯಷ್ಟನ್ನೂ ಹಾಕಿ ಊದಿದಳು.

ಗೋಡೆಗಳು ನಾಲ್ಕು ಸಲ ಊದಿದವು.

ಹುಡುಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆಳದ ನೀರಲ್ಲಿ ಕೈ ಬಿಟ್ಟರೆ ಏನಾಗಬೇಕೋ ಅದೇ ಆಯಿತು. ಅಕ್ಕ ಬಟ್ಟೆಯಲ್ಲೇ ಹಾರಿ, ನಾಲ್ಕು ಎಣಿಸುವಷ್ಟರಲ್ಲಿ ಅವಳನ್ನು ಅಂಚಿಗೆ ತಂದು ಕೂರಿಸಿದಳು. ಒಂದು ಗುಟುಕು ನೀರು ಕುಡಿದದ್ದು ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಆದರೆ ಹುಡುಗಿಯ ಕೈ ಕಿವಿಯಿಂದ ಇಳಿಯಲಿಲ್ಲ. "ತಪ್ಪಾಯ್ತು ತಾಯಿ, ತಪ್ಪಾಯ್ತು, ಖುಷಿಗೆ ಕಣೇ, ಖುಷಿಗೆ ಊದ್ಬಿಟ್ಟೆ," ಎಂದು ಅಕ್ಕ ಹೇಳಿದಷ್ಟೂ ಅವಳು ಹಿಂದೆ ಹಿಂದೆ ಸರಿದಳು. ಒದ್ದೆ ಬಟ್ಟೆಯ ಮೇಲೇ ಚೀಲ ಹಾಕಿಕೊಂಡು ಹೊರಟುಹೋದಳು.

ಬುಧವಾರ ಆರೂ ಐದಕ್ಕೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರವೂ ಇಲ್ಲ. ತರಗತಿಗೂ ಹೋಗಿಲ್ಲ, ಕೋಣೆಯ ಬಾಗಿಲು ಮತ್ತೆ ಹಾಕಿದೆ ಎಂದು ಹಾಸ್ಟೆಲಿನ ವಾರ್ಡನ್ ಹೇಳಿದಳು. ಅಕ್ಕ ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಖಾನೆಯಲ್ಲಿ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಹನ್ನೊಂದು ಜನರನ್ನು ಉಳಿಸಿದ ಹೆಂಗಸು, ಹನ್ನೆರಡನೆಯವಳನ್ನು ತಾನೇ ಮುಳುಗಿಸಿದೆ ಎಂದು ತಲೆ ಮೇಲೆ ಕೈ ಹೊತ್ತು ಕೂತಳು. ಸಂಜೆಯ ಹುಡುಗರು ಒದ್ದೆ ನೆಲದ ಮೇಲೆ ಓಡಿದರೂ ಬೈಯಲಿಲ್ಲ. ಅವರೇ ಹೆದರಿ ನಡೆಯತೊಡಗಿದರು.

ಸೋಮವಾರ ಅವಳು ಆಪ್ತಸಮಾಲೋಚಕಿಯ ಬಾಗಿಲು ತಟ್ಟಿದಳು. "ಅವಳ ಕೋಣೆಗೆ ಹೋಗಿ ಕಾಲು ಹಿಡ್ಕೊಂಡು ಬರ್ತೀನಿ ಮೇಡಂ, ಒಪ್ಪಿಗೆ ಕೊಡಿ."

"ಬೇಡಿ, ದಯವಿಟ್ಟು ಬೇಡಿ," ಎಂದು ಮೇಡಂ ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು, "ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ ಅಕ್ಕ. ಆ ಸದ್ದು ಇನ್ಯಾವಾಗ ಬರುತ್ತೋ ಅಂತ ಗೊತ್ತಿಲ್ಲ ನೋಡಿ, ಅದು ಹೆದರಿಕೆ. ಅವಳಿಗೆ ಕ್ಷಮೆಗಿಂತ ಮಾಹಿತಿ ಬೇಕು. ಒಂದು ಕಾಗದ ಬರೀರಿ, ನಾನು ತಲುಪಿಸ್ತೀನಿ. ಶನಿವಾರ ಅವರಪ್ಪ ಬರ್ತಾರಂತೆ, ಕರ್ಕೊಂಡು ಹೋಗಕ್ಕೆ."

ಅಕ್ಕ ಬರೆದಳು. ಬರೆದೂ ಬರೆದೂ ನಾಲ್ಕು ಹಾಳೆ ತುಂಬಿಸಿದಳು. ತಾನೆಷ್ಟು ಅತ್ತೆ, ಊಟ ಹೇಗೆ ಸೇರುತ್ತಿಲ್ಲ, ತನ್ನಂಥ ಪಾಪಿ ಇನ್ನೊಬ್ಬಳಿಲ್ಲ ಎಂದೆಲ್ಲ. ಗಂಡ ಕನ್ನಡಕ ಏರಿಸಿ ಓದಿ, "ಇದನ್ನ ಓದಿದ್ರೆ ಆ ಹುಡುಗೀನೇ ಬಂದು ನಿನಗೆ ಸಮಾಧಾನ ಹೇಳ್ಬೇಕಾಗುತ್ತೆ," ಎಂದ. ಬಟ್ಟೆ ಅಳೆಯುವವನ ಹಾಗೆ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. "ಇದು ಬೇಡ. ಇದು ನಿನ್ನ ಗೋಳು. ಇದೂ ನಿನ್ನ ಗೋಳು. ಹ್ಞಾಂ, ಇಲ್ಲೊಂದು ಸಾಲು ಚೆನ್ನಾಗಿದೆ." ನಾಲ್ಕು ಹಾಳೆಯಲ್ಲಿ ಉಳಿದದ್ದು ಮೂರು ಸಾಲು: "ಮಂಗಳವಾರ ನಾನು ಹೇಳದೆ ಸೀಟಿ ಊದಿದೆ. ಅದು ತಪ್ಪು. ನಿನಗೆ ಏನು ತಿಳಿಯಬೇಕೋ ಕೇಳು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ."

ಬುಧವಾರ ಉತ್ತರ ಬಂತು. ಹಾಳೆಯಲ್ಲಿ ಮೂರೇ ಪ್ರಶ್ನೆ.

"ಒಂದು. ಆ ದಿನ ಸೀಟಿ ಯಾಕೆ ಊದಿದಿರಿ?

ಎರಡು. ಯಾರಾದರೂ ಮುಳುಗುತ್ತಿದ್ದರೆ, ನಾನು ನೀರಲ್ಲಿದ್ದರೂ ಸೀಟಿ ಊದುತ್ತೀರಾ?

ಮೂರು. ನಿಮಗೆ ಮತ್ತೆ ಖುಷಿಯಾದರೆ ಏನು ಮಾಡುತ್ತೀರಿ?"

ಮೊದಲನೆಯದಕ್ಕೆ ಉತ್ತರ ಸುಲಭ. "ಖುಷಿಯಾಯಿತು, ಅದಕ್ಕೆ," ಎಂದು ಬರೆದಳು.

ಎರಡನೆಯದಕ್ಕೆ ಪೆನ್ನು ನಿಂತಿತು. ಇಲ್ಲ, ಊದುವುದೇ ಇಲ್ಲ, ಸೀಟಿಯನ್ನು ಬಾವಿಗೆ ಎಸೆಯುತ್ತೇನೆ ಎಂದು ಬರೆಯಲು ಅವಳ ಜೀವ ಹಾತೊರೆಯುತ್ತಿತ್ತು. ಹಾಗೆ ಬರೆದರೆ ಹುಡುಗಿ ಬರಬಹುದು, ಪರೀಕ್ಷೆಗೆ ಕೂರಬಹುದು. ಊದುತ್ತೇನೆ ಎಂದು ಬರೆದರೆ ಬರದೇ ಇರಬಹುದು. ಅಂಗಡಿಯ ಬಾಗಿಲಲ್ಲಿ ಕೂತು ಅವಳು ಒಂದು ತಾಸು ಪೆನ್ನಿನ ಹಿಂಬದಿ ಕಚ್ಚಿದಳು.

"ಏನ್ರೀ ಬರೀಲಿ?"

"ಯಾರಾದ್ರೂ ಮುಳುಗ್ತಿದ್ರೆ ಊದ್ತೀಯೋ ಇಲ್ವೋ?"

"ಊದ್ದೆ ಏನ್ ಮಾಡ್ಲಿ? ಜೀವ ಅಲ್ವಾ!"

"ಮತ್ತೆ ನನ್ನ ಯಾಕೆ ಕೇಳ್ತೀಯ? ಅದನ್ನೇ ಬರಿ," ಎಂದು ಗಂಡ ಯಂತ್ರದ ಚಕ್ರ ತಿರುಗಿಸಿದ.

ಅಕ್ಕ ಕಣ್ಣೊರೆಸಿಕೊಂಡು ಬರೆದಳು: "ಊದುತ್ತೇನೆ. ನಿನಗೆ ಹೆದರಿಕೆಯಾಗುತ್ತದೆ ಎಂದು ಗೊತ್ತಿದ್ದರೂ ಊದುತ್ತೇನೆ. ಮೂರು ಸಲ ಊದುತ್ತೇನೆ, ಮೂರೇ ಸಲ. ಬೆಳಗಿನ ಗಂಟೆಯಲ್ಲಿ ಬೇರೆ ಯಾವ ಕಾರಣಕ್ಕೂ ಊದುವುದಿಲ್ಲ."

ಇನ್ನು ಮೂರನೆಯದು. ನಿಜವಾಗಿ ತಲೆ ತಿಂದದ್ದು ಅದೇ. ಖುಷಿಯಾದರೆ ಏನು ಮಾಡುತ್ತೀರಿ! ಹುಟ್ಟಿದಾಗಿನಿಂದ ಅವಳ ಖುಷಿ ಬಾಯಿಂದಲೇ ಹೊರಬಂದದ್ದು. "ಎರಡು ಕೈ ಮೇಲೆತ್ತಿ ನಿಲ್ಲು, ಕಳ್ಳ ಸಿಕ್ಕಿಬಿದ್ದ ಹಾಗೆ," ಎಂದ ಗಂಡ ತಮಾಷೆಗೆ. ಅಕ್ಕನಿಗೆ ಅದು ಹಿಡಿಸಿತು. ಆದರೆ ಬರೆದು ಕೊಟ್ಟ ಮೇಲೆ ಮಾಡದಿದ್ದರೆ? ಬುಧವಾರ ಸಂಜೆ ಅಂಗಡಿಯಲ್ಲೇ ಅಭ್ಯಾಸ ಶುರುವಾಯಿತು. ಅವಳು ಬೆನ್ನು ಹಾಕಿ ನಿಲ್ಲುವುದು, ಗಂಡ ಇದ್ದಕ್ಕಿದ್ದಂತೆ ಒಳ್ಳೆಯ ಸುದ್ದಿ ಹೇಳುವುದು.

"ನಿನ್ನ ತಂಗಿ ನಾಳೆ ಬರ್ತಾಳಂತೆ!"

"ಹೌದೇನ್ರೀ!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು, ಪಕ್ಕದ ಮನೆಯ ನಾಯಿ ಬೊಗಳಿತು. ಸೋತಳು. ಎರಡನೇ ಸಲವೂ ಸೋತಳು. ಎಂಟನೇ ಸಲಕ್ಕೆ, "ನಿನ್ನಷ್ಟು ಚೆಂದದ ಹೆಂಡತಿ ಈ ಬೀದೀಲಿ ಇನ್ನೊಬ್ರಿಗಿಲ್ಲ," ಎಂದ ಗಂಡ. ಅಕ್ಕ ತಿರುಗಿದಳು. ಕೆನ್ನೆ ಕೆಂಪಾಗಿತ್ತು. ಬಾಯಿ ಮುಚ್ಚಿತ್ತು, ಎರಡೂ ಕೈ ಮೇಲಿದ್ದವು. ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ಆಮೇಲೆ ಬರುತ್ತೇನೆ ಎಂದು ಹೊರಟುಹೋದ.

ಗುರುವಾರ ಉತ್ತರ ಹೋಯಿತು. ಶುಕ್ರವಾರ ಆರೂ ಐದಕ್ಕೆ ಬಾಗಿಲು ಖಾಲಿ. ಕಾಗದವೂ ಬರಲಿಲ್ಲ. ಎರಡನೇ ಉತ್ತರವೇ ಕೆಲಸ ಕೆಡಿಸಿತು ಎಂದುಕೊಂಡಳು ಅಕ್ಕ.

ಶನಿವಾರ ಬೆಳಿಗ್ಗೆ ಐದೂ ಐವತ್ತಕ್ಕೆ ಬಂದವನು ಕಂಡಕ್ಟರ್. ಮೊದಲ ಬಸ್ಸಿಗೆ ಬಂದಿಳಿದಿದ್ದ. ಕೈಯಲ್ಲಿ ಎರಡು ಖಾಲಿ ಚೀಲ. "ಹಾಸ್ಟೆಲಿಗೆ ಹೊರಗಿನವರನ್ನ ಬಿಡೋದು ಏಳು ಗಂಟೆ ಮೇಲಂತೆ. ಅಲ್ಲೀವರೆಗೆ ಇಲ್ಲಿ ಕೂತಿರ್ಲಾ ಅಕ್ಕಾ?" ಎಂದ. ಅಕ್ಕ ಬೆಂಚು ತೋರಿಸಿದಳು. ಅವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. "ನಿಮ್ಮ ಮಗಳು ಹೀಗಾಗೋಕೆ ನಾನೇ ಕಾರಣ ಕಣಣ್ಣ," ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಕಂಡಕ್ಟರ್ ಸಿಟ್ಟಾಗಲಿಲ್ಲ. "ನನಗೂ ಆಗಿದೆ," ಎಂದ. "ಅವಳು ನಾಲ್ಕು ವರ್ಷದೋಳು, ಮೊದಲನೇ ಸಲ 'ಅಪ್ಪಾ' ಅಂದ್ಲು. ನಾನು ಮನೆ ಹಾರಿಹೋಗೋ ಹಾಗೆ ಕೂಗಿದೆ. ಆಮೇಲೆ ಒಂದು ವರ್ಷ ಅವಳು ಆ ಮಾತು ಆಡ್ಲಿಲ್ಲ. ಅವತ್ತಿಂದ ಮನೇಲಿ ನಾನು ಗಟ್ಟಿಯಾಗಿ ಕೆಮ್ಮಿಲ್ಲ ಅಕ್ಕಾ."

ಇಬ್ಬರೂ ನೀರು ನೋಡುತ್ತ ಕೂತರು. ಗೋಡೆಯ ಗಡಿಯಾರದಲ್ಲಿ ಆರು ಗಂಟೆ ದಾಟಿ ಒಂದು ನಿಮಿಷವಾಯಿತು. ಎರಡು. ಮೂರು. ನಾಲ್ಕು. ಆರೂ ಐದಕ್ಕೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

ಅಪ್ಪನನ್ನು ನೋಡಿದಳು, ಚೀಲಗಳನ್ನು ನೋಡಿದಳು. ಕಿವಿಯ ಹೆಡ್‌ಫೋನು ತೆಗೆದು ಬೆಂಚಿನ ಮೇಲಿಟ್ಟು, ಸ್ನಾನದ ಕೋಣೆಗೆ ಹೋಗಿ ಬಟ್ಟೆ ಬದಲಾಯಿಸಿ ಬಂದಳು. ನೀರಿಗಿಳಿದು ಹತ್ತು ನಿಮಿಷ ನಿಂತಳು. ಆಮೇಲೆ ಗೋಡೆಗೆ ಕಾಲೊತ್ತಿದಳು.

ಕಂಡಕ್ಟರ್ ಅವಳು ಈಜುವುದನ್ನು ಯಾವತ್ತೂ ನೋಡಿರಲಿಲ್ಲ. ಹತ್ತು ಮೀಟರಿಗೆ ಎದ್ದು ನಿಂತ. ಹದಿನೈದಕ್ಕೆ ಅಂಚಿಗೆ ಬಂದ. ಇಪ್ಪತ್ತಕ್ಕೆ ಅವನ ಬಾಯಿ ತೆರೆಯಿತು. ಅಕ್ಕ ಕಣ್ಣಂಚಿನಲ್ಲೇ ಅದನ್ನು ನೋಡಿ, ತನ್ನ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಅವನ ಮುಂಗೈ ಹಿಡಿದು ಮೇಲೆತ್ತಿದಳು. ಹುಡುಗಿಯ ಕೈ ಆಳದ ಕಡೆಯ ಗೋಡೆ ಮುಟ್ಟಿತು. ತಲೆ ಎತ್ತಿ ಕಣ್ಣಿನ ನೀರು ಒರೆಸಿಕೊಂಡು ನೋಡಿದರೆ, ಅಂಚಿನಲ್ಲಿ ಇಬ್ಬರು ಮಧ್ಯವಯಸ್ಕರು ಕೈ ಮೇಲೆತ್ತಿ, ತುಟಿ ಬಿಗಿಹಿಡಿದು, ಕಣ್ಣೀರು ಸುರಿಸುತ್ತ ನಿಂತಿದ್ದಾರೆ. ಕೊಳದಲ್ಲಿ ನೀರಿನ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹುಡುಗಿ ನಕ್ಕಳು. ಅವಳ ನಗು ಅಕ್ಕ ನೋಡಿದ್ದು ಅದೇ ಮೊದಲು. ತಿರುಗಿ ಮತ್ತೆ ಹೊರಟಳು. ಆ ಬೆಳಿಗ್ಗೆ ಆರು ಉದ್ದ ಈಜಿದಳು.

ಆರು ಐವತ್ತಕ್ಕೆ ಮೇಲೆ ಬಂದು ಟವೆಲ್ ಸುತ್ತಿಕೊಂಡು ಬೆಂಚಿನಲ್ಲಿ ಕೂತಳು. ಮಾತಿನ ಹೊತ್ತು ಶುರುವಾಗಿತ್ತು.

"ನಿನ್ನೆ ಬರ್ಲಿಲ್ಲ," ಎಂದಳು ಅಕ್ಕ, ಸಾಧ್ಯವಾದಷ್ಟು ಸಣ್ಣಗೆ.

"ನಿನ್ನೆ ಕೋಣೇಲಿ ಕೂತು ಫೋನಲ್ಲಿ ಸೀಟಿ ಸದ್ದು ಕೇಳ್ತಿದ್ದೆ. ಮೂರು ಸಲ. ಮೊದಲು ಸಣ್ಣಗೆ, ಆಮೇಲೆ ಸ್ವಲ್ಪ ಜೋರಾಗಿ. ಕಷ್ಟ ಆಯ್ತು. ಆದ್ರೆ ಮೂರಾದ ಮೇಲೆ ನಿಂತುಹೋಗುತ್ತೆ ಅಂತ ಗೊತ್ತಿತ್ತು." ಹುಡುಗಿ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಎರಡನೇ ಪ್ರಶ್ನೆಗೆ ಇಲ್ಲ ಅಂತ ಬರೆದಿದ್ರೆ ನಾನು ಬರ್ತಿರ್ಲಿಲ್ಲ ಅಕ್ಕ. ಅದು ಸುಳ್ಳಾಗಿರ್ತಿತ್ತು. ಸುಳ್ಳು ಹೇಳೋರ ಮುಂದೆ ಆಳಕ್ಕೆ ಹೋಗೋಕಾಗಲ್ಲ."

ಆಮೇಲೆ ಅಪ್ಪನ ಕಡೆ ತಿರುಗಿದಳು. "ಸೋಮವಾರ ಪರೀಕ್ಷೆ ಇದೆ. ಹನ್ನೊಂದು ದಿನ ಓದಿಲ್ಲ, ಒಂದು ವಿಷಯದಲ್ಲಿ ಕಡಿಮೆ ಬರಬಹುದು. ಆದ್ರೂ ಬರೀತೀನಿ. ನೀವು ಒಂಬತ್ತು ಗಂಟೆ ಬಸ್ಸಿಗೆ ಹೋಗಬಹುದು ಅಪ್ಪ."

ಕಂಡಕ್ಟರ್ ತಲೆಯಾಡಿಸಿದ. ಖಾಲಿ ಚೀಲಗಳನ್ನು ಮಡಚಿ ಕಂಕುಳಿಗೆ ಸೇರಿಸಿದ. ಮಗಳು ಅವನನ್ನೂ ಅಕ್ಕನನ್ನೂ ಒಂದು ಸಲ ನೋಡಿ, ಇಬ್ಬರ ಸ್ಥಿತಿಯೂ ಅರ್ಥವಾದವಳಂತೆ, "ನಿಮ್ಮಿಬ್ಬರಿಗೂ ಕೂಗ್ಬೇಕು ಅನ್ನಿಸ್ತಿದೆ," ಎಂದಳು. "ನಾನು ಏಳಕ್ಕೆ ಹೋಗ್ತೀನಿ. ಗ್ರಂಥಾಲಯದ ಮೂಲೆ ದಾಟೋಕೆ ಮೂರು ನಿಮಿಷ ಬೇಕು. ಆಮೇಲೆ ಕೂಗಿ, ತೊಂದರೆ ಇಲ್ಲ." ಹೆಡ್‌ಫೋನು ಹಾಕಿಕೊಂಡು, ಚೀಲ ಬೆನ್ನಿಗೇರಿಸಿ ಹೊರಟಳು.

ಇಬ್ಬರೂ ಗಡಿಯಾರದ ಕೆಳಗೆ ನಿಂತರು. ಒಂದು ನಿಮಿಷ. ಎರಡು. ಮೂರು ನಿಮಿಷ ಕಳೆದ ಮೇಲೂ, ಇರಲಿ ಎಂದು ಇನ್ನೊಂದು ನಿಮಿಷ ಕಾದರು. ಅಕ್ಕ ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತೆರೆದಳು. ಏನೂ ಬರಲಿಲ್ಲ. ಇಷ್ಟು ವರ್ಷ ಒಂದು ದಿನವೂ ಕೈಕೊಡದ ಗಂಟಲು ಅವತ್ತು ಅಳುವಿನಿಂದ ಕಟ್ಟಿಹೋಗಿತ್ತು. ಅವಳು ಕೈಸನ್ನೆಯಲ್ಲೇ, ನೀವೇ ಕೂಗಿ ಅಣ್ಣ, ಎಂದಳು.

ಹದಿನೈದು ವರ್ಷ ಮಗಳ ಹತ್ತಿರದಲ್ಲಿ ದನಿ ಎತ್ತದ ಅಪ್ಪ ಕೊಳದ ಅಂಚಿಗೆ ಹೋಗಿ ನಿಂತ, ಕಣ್ಣು ಮುಚ್ಚಿಕೊಂಡ, ತಗಡಿನ ಸೂರು ಅದುರುವ ಹಾಗೆ ಕೂಗಿದ. ಅದರಲ್ಲಿ ಮಾತೇನೂ ಇರಲಿಲ್ಲ, ಬರೀ ಕೂಗು. ನಾಲ್ಕು ಗೋಡೆಗಳೂ ಅದನ್ನೇ ಕೂಗಿದವು.

ಹೊರಗೆ ಹಲ್ಲುಜ್ಜುತ್ತಿದ್ದ ಕಾವಲುಗಾರ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದ. "ಯಾರು ಮುಳುಗಿದ್ರು? ಯಾರು?"

"ಯಾರೂ ಇಲ್ಲ, ಹೋಗಪ್ಪ," ಎಂದಳು ಸೀಟಿ ಅಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಇವರ ಮಗಳು ಪರೀಕ್ಷೆಗೆ ಓದಕ್ಕೆ ಹೋದ್ಲು."